ಆಟದ ಇನ್‌ಸ್ಟಾಲರಿನಲ್ಲಿ ಕೇಳದೆ ಬರುವ ಕೊಸರು

ಮಾನ್ಯ ಸಂಪಾದಕರೇ,

ಎರಡು ಮೊಳ ಮಲ್ಲಿಗೆ ಕೊಂಡವರು ಕೊಸರು ಕೇಳುತ್ತಾರೆ, ಹೂವಿನವಳು ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸುತ್ತಾಳೆ. ಕೊಸರು ಕೇಳಿದವರಿಗೆ ಸಿಗುತ್ತದೆ, ಕೊಂಡ ಹೂವಿನದೇ ಆಗಿರುತ್ತದೆ, ಅದರ ಲಾಭ ಕೊಂಡವರಿಗೆ. ಕಂಪ್ಯೂಟರ್ ಆಟಗಳ ಇನ್‌ಸ್ಟಾಲರಿನೊಳಗೆ, ಅಂದರೆ ಆಟವನ್ನು ಯಂತ್ರಕ್ಕೆ ಹಾಕಿಕೊಡುವ ಫೈಲಿನೊಳಗೆ, ಈಗ ‘ಬೇಕಿದ್ದರೆ ಮಾತ್ರ’ ಎಂಬ ಹೆಸರಿನಲ್ಲಿ ಸೇರಿಕೊಳ್ಳುತ್ತಿರುವ ಕ್ಲೈಂಟ್ ತಂತ್ರಾಂಶಕ್ಕೆ ಈ ಮೂರರಲ್ಲಿ ಒಂದು ಗುಣವೂ ಇಲ್ಲ. ಮನೆಮನೆಯಲ್ಲಿ ಮಕ್ಕಳು ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಒತ್ತುತ್ತಾ ಹೋಗುವ ಈ ಪರದೆಗಳ ಹಿಂದೆ ಏನು ನಡೆಯುತ್ತದೆ ಎಂಬುದು ಆಟ ಆಡದ ಹಿರಿಯರಿಗೂ ಗೊತ್ತಿರಲಿ ಎಂದು ಈ ಪತ್ರ.

ಕ್ಲೈಂಟ್ ಎಂದರೆ ಆಟ ಮಾರುವ ಅಂಗಡಿಯೇ ನಮ್ಮ ಕಂಪ್ಯೂಟರಿನಲ್ಲಿ ಬಂದು ಕೂರುವ ರೂಪ. ಕೊಂಡ ಆಟಗಳ ಪಟ್ಟಿ, ಹೊಸ ಆವೃತ್ತಿ ತಾನಾಗಿ ಇಳಿಸಿಕೊಳ್ಳುವ ವ್ಯವಸ್ಥೆ, ಆಟದ ಪ್ರಗತಿಯನ್ನು ಸರ್ವರಿನಲ್ಲಿ ಉಳಿಸುವ ಸೌಲಭ್ಯ, ಗೆಳೆಯರ ಪಟ್ಟಿ, ಜೊತೆಗೆ ಹೊಸ ಆಟಗಳ ಜಾಹೀರಾತು, ಎಲ್ಲವೂ ಅದರಲ್ಲೇ ಇರುತ್ತವೆ. ಸ್ಟೀಮ್, ಎಪಿಕ್, ಯೂಬಿಸಾಫ್ಟ್ ಕನೆಕ್ಟ್, ಗಾಗ್ ಗ್ಯಾಲಕ್ಸಿ ಎಲ್ಲವೂ ಈ ಜಾತಿಯವೇ. ಇವು ಕೆಲಸಕ್ಕೆ ಬಾರದವು ಎಂದು ನಾನು ಹೇಳುತ್ತಿಲ್ಲ. ತಿಂಗಳಿಗೆ ಎರಡು ಮೂರು ಸಲ ತೇಪೆ ಬರುವ ಆಟವನ್ನು ಕೈಯಿಂದ ಅಪ್‌ಡೇಟ್ ಮಾಡುವ ಕಷ್ಟ ಬಲ್ಲವರಿಗೆ ಕ್ಲೈಂಟಿನ ಬೆಲೆ ಗೊತ್ತು. 2004ರಲ್ಲಿ ಹಾಫ್-ಲೈಫ್ 2 ಬಂದಾಗ, ಅಂಗಡಿಯಲ್ಲಿ ಡಬ್ಬಿ ಕೊಂಡವರಿಗೂ ಸ್ಟೀಮ್ ಕಡ್ಡಾಯವಾಗಿತ್ತು. ಅದು ಕಡ್ಡಾಯ, ಒಪ್ಪದವರು ಕೊಳ್ಳದೆ ಬಿಡಬಹುದಿತ್ತು. ನನ್ನ ತಕರಾರು ಕಡ್ಡಾಯದ ಬಗ್ಗೆ ಅಲ್ಲ. ‘ನಿಮ್ಮ ಇಷ್ಟ’ ಎಂದು ಹೇಳುತ್ತಲೇ, ಇಷ್ಟವನ್ನು ಗ್ರಾಹಕನ ಪರವಾಗಿ ಮೊದಲೇ ಗುರುತು ಹಾಕಿಟ್ಟಿರುವ ಆ ಚಿಕ್ಕ ಚೌಕದ ಬಗ್ಗೆ.

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಪೋಲೆಂಡಿನ ಗಾಗ್. ಸಿಡಿ ಪ್ರಾಜೆಕ್ಟ್ ಸಂಸ್ಥೆ 2008ರಲ್ಲಿ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿದಾಗ, ಹಳೆಯ ಆಟಗಳನ್ನು ಡಿಆರ್‌ಎಂ ಎಂಬ, ನಕಲು ತಡೆಯುವ ಬೀಗವಿಲ್ಲದೆ ಮಾರುವುದೇ ಅದರ ಬಂಡವಾಳ. ದುಡ್ಡು ಕೊಟ್ಟರೆ ಒಂದು ಇನ್‌ಸ್ಟಾಲರ್ ಫೈಲು ಸಿಗುತ್ತಿತ್ತು. ಅದನ್ನು ಡಿಸ್ಕಿನಲ್ಲಿ ಇಟ್ಟುಕೊಂಡರೆ ಹತ್ತು ವರ್ಷ ಬಿಟ್ಟು, ನೆಟ್ ಇಲ್ಲದ ಊರಿನಲ್ಲಿ, ಯಾವ ಲಾಗಿನ್ನೂ ಇಲ್ಲದೆ ಆಟ ಹಾಕಿಕೊಳ್ಳಬಹುದು. 2010ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ ತನ್ನ ಹೊಸ ಜಾಲತಾಣದ ಪ್ರಚಾರಕ್ಕೆಂದು ಕೆಲವು ದಿನ ಮುಚ್ಚಿಹೋದಂತೆ ನಟಿಸಿತು. ಇಳಿಸಿಕೊಳ್ಳದೆ ಬಿಟ್ಟಿದ್ದವರು ಗಾಬರಿಬಿದ್ದರು, ಸಂಸ್ಥೆ ಕ್ಷಮೆ ಕೇಳಿತು. ಅಂಗಡಿ ಇದ್ದಕ್ಕಿದ್ದ ಹಾಗೆ ಬಾಗಿಲು ಹಾಕಬಹುದು, ಡಿಸ್ಕಿನಲ್ಲಿರುವ ಫೈಲೇ ನಮ್ಮ ಆಸ್ತಿ ಎಂಬುದನ್ನು ಗ್ರಾಹಕರು ಅಂದು ಕಣ್ಣಾರೆ ಕಂಡರು.

ಅದೇ ಗಾಗ್ ಮುಂದೆ ಗ್ಯಾಲಕ್ಸಿ ಕ್ಲೈಂಟ್ ತಂದಿತು. 2014ರಲ್ಲಿ ಅದನ್ನು ಪ್ರಕಟಿಸುವಾಗಲೇ ‘ಇದು ಐಚ್ಛಿಕ’ ಎಂದು ಭರವಸೆ ಕೊಟ್ಟಿತ್ತು. 2017ರಲ್ಲಿ ಆ ಕ್ಲೈಂಟನ್ನು ವಿಂಡೋಸ್ ಇನ್‌ಸ್ಟಾಲರುಗಳ ಒಳಗೇ ಸೇರಿಸಲು ಹೊರಟಿತು. ಬೇಡ ಎನ್ನುವವರು ಗುರುತು ತೆಗೆಯಬಹುದಿತ್ತು. ಆಕ್ಷೇಪ ಎದ್ದಿತು, ಕ್ಲೈಂಟ್ ಇಲ್ಲದ ‘ಕ್ಲಾಸಿಕ್’ ಇನ್‌ಸ್ಟಾಲರನ್ನೂ ಸಂಸ್ಥೆ ಕೊಟ್ಟಿತು. ಇಂದಿಗೂ ಅಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೇಡವಾದರೆ ಒಂದು ಗುರುತು ತೆಗೆದರೆ ಮುಗಿಯುತ್ತಿದ್ದ ವಿಷಯಕ್ಕೆ ಗ್ರಾಹಕರು ಅಷ್ಟು ಕೆರಳಿದ್ದೇಕೆ? ‘ಒಂದು ಕ್ಲಿಕ್ಕಿಗೆ ಇಷ್ಟು ರಾದ್ಧಾಂತವೇ’ ಎಂದು ಕೇಳುವವರು ಆ ಕ್ಲಿಕ್ಕಿನ ಒಳಗೆ ಇಳಿದು ನೋಡಿಲ್ಲ ಎಂದೇ ನನ್ನ ಅನಿಸಿಕೆ.

ಇಳಿದು ನೋಡೋಣ. ಗಾಗ್ ಸೇರಿದಂತೆ ಬಹಳಷ್ಟು ಕಡೆ ವಿಂಡೋಸ್ ಇನ್‌ಸ್ಟಾಲರ್ ಕಟ್ಟಲು ಬಳಸುವುದು ಇನ್ನೋ ಸೆಟಪ್ ಎಂಬ ಉಚಿತ ಸಾಧನ, 1997ರಿಂದ ಇರುವಂಥದ್ದು. ಅದರಲ್ಲಿ ಇನ್‌ಸ್ಟಾಲರಿನ ಆಯ್ಕೆಗಳನ್ನು ‘ಟಾಸ್ಕ್ಸ್’ ಎಂಬ ವಿಭಾಗದಲ್ಲಿ ಒಂದೊಂದು ಸಾಲಾಗಿ ಬರೆಯುತ್ತಾರೆ. ಸುಮ್ಮನೆ ಸಾಲು ಬರೆದರೆ ಪರದೆಯ ಮೇಲೆ ಚೌಕದಲ್ಲಿ ಗುರುತು ಬಿದ್ದೇ ಇರುತ್ತದೆ. ಖಾಲಿ ಇರಬೇಕೆಂದರೆ ಆ ಸಾಲಿನ ಕೊನೆಗೆ ‘ಅನ್‌ಚೆಕ್ಡ್’ ಎಂಬ ಒಂದು ಪದ ಸೇರಿಸಬೇಕು. ಇಷ್ಟೇ ವ್ಯತ್ಯಾಸ. ಗ್ರಾಹಕನನ್ನು ಕೇಳಿ ಹಾಕುವುದಕ್ಕೂ ಕೇಳದೆ ಹಾಕುವುದಕ್ಕೂ ನಡುವೆ ಇರುವುದು ಕಟ್ಟುವವನ ಕೈಯಲ್ಲಿರುವ ಆ ಒಂದು ಪದ. ತಾಂತ್ರಿಕ ತೊಡಕು ಎಂಬ ನೆಪಕ್ಕೆ ಇಲ್ಲಿ ಜಾಗವೇ ಇಲ್ಲ.

ಗುರುತು ಹಾಕಿಟ್ಟರೆ ಏನೇನಾಗುತ್ತದೆ? ಮೊದಲನೆಯದು, ಸೈಬರ್ ಕೆಫೆಯಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಇಪ್ಪತ್ತು ಯಂತ್ರಗಳಿಗೆ ಒಂದೇ ಆಟ ಹಾಕುವವರು ಪರದೆಯೇ ತೋರಿಸದ ‘ವೆರಿಸೈಲೆಂಟ್’ ವಿಧಾನದಲ್ಲಿ ಇನ್‌ಸ್ಟಾಲರನ್ನು ಓಡಿಸುತ್ತಾರೆ. ಪರದೆ ಇಲ್ಲದಾಗ ಚೌಕವೂ ಕಾಣುವುದಿಲ್ಲ. ಮೊದಲೇ ಗುರುತು ಹಾಕಿದ ಆಯ್ಕೆ ತಾನಾಗಿ ಜಾರಿಯಾಗುತ್ತದೆ, ಇಪ್ಪತ್ತೂ ಯಂತ್ರಗಳಲ್ಲಿ ಕ್ಲೈಂಟ್ ಕೂರುತ್ತದೆ. ತಪ್ಪಿಸಲು ‘ಮರ್ಜ್‌ಟಾಸ್ಕ್ಸ್’ ಎಂಬ ಆದೇಶದಲ್ಲಿ ಆ ಟಾಸ್ಕಿನ ಹೆಸರಿಗೆ ಮೊದಲು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕೊಡಬೇಕು. ಅದಕ್ಕೆ ಟಾಸ್ಕಿನ ಒಳಹೆಸರು ಗೊತ್ತಿರಬೇಕು, ಅದನ್ನು ಯಾವ ಅಂಗಡಿ ತಾನೇ ಗ್ರಾಹಕರಿಗೆ ಹೇಳುತ್ತದೆ? ಎರಡನೆಯದು, ಇನ್ನೋ ಸೆಟಪ್ ಹಿಂದಿನ ಸಲದ ಆಯ್ಕೆಯನ್ನು ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಕೈತಪ್ಪಿ ಗುರುತು ತೆಗೆಯದೆ ಬಿಟ್ಟರೆ, ಅದೇ ಆಟದ ಹೊಸ ಆವೃತ್ತಿ ಹಾಕುವಾಗಲೂ ಗುರುತು ಹಾಗೆಯೇ ಎದ್ದು ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಆಟ ಹಾಕುವಾಗ ವಿಂಡೋಸ್ ಪರದೆ ಮಸುಕಾಗಿ, ‘ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ’ ಎಂದು ಕೇಳುತ್ತದೆ. ‘ಎಸ್’ ಒತ್ತುವವರು ಒಪ್ಪಿಗೆ ಕೊಡುವುದು ಆಟಕ್ಕೆ. ಇನ್‌ಸ್ಟಾಲರ್ ತನ್ನ ಹೊಟ್ಟೆಯೊಳಗಿನ ಕ್ಲೈಂಟ್ ಇನ್‌ಸ್ಟಾಲರನ್ನು ಓಡಿಸಿದರೆ ಅದೇ ಅಧಿಕಾರ ಅದಕ್ಕೂ ಹರಿಯುತ್ತದೆ, ಎರಡನೇ ಸಲ ಕೇಳುವ ಮಾತಿಲ್ಲ. ಆಟವೊಂದು ಸಾಮಾನ್ಯವಾಗಿ ತನ್ನ ಫೋಲ್ಡರಿನಲ್ಲಿ ಫೈಲು ಇಟ್ಟು, ಶಾರ್ಟ್‌ಕಟ್ ಹಾಕಿ ಸುಮ್ಮನಾಗುತ್ತದೆ. ಕ್ಲೈಂಟ್ ಹಾಗಲ್ಲ. ಕಂಪ್ಯೂಟರ್ ಹೊತ್ತಿಸಿದಾಗಲೆಲ್ಲ ಏಳುವಂತೆ ಸ್ಟಾರ್ಟಪ್ ಪಟ್ಟಿಯಲ್ಲಿ ಸೇರಬಲ್ಲದು. ಯಂತ್ರದ ಅತ್ಯುನ್ನತ ಅಧಿಕಾರವಾದ ‘ಸಿಸ್ಟಂ’ ಖಾತೆಯಲ್ಲಿ ತೆರೆಮರೆಯಲ್ಲೇ ಓಡುವ ಸರ್ವಿಸ್ ಎಂಬ ಪ್ರೋಗ್ರಾಂ ಅನ್ನು ನೆಲೆಗೊಳಿಸಬಲ್ಲದು. ಮನೆಯಲ್ಲಿ ಮಗುವಿಗೆಂದು ಮಾಡಿಕೊಟ್ಟ ಸೀಮಿತ ಖಾತೆಯಿಂದಲೂ ಅಪ್‌ಡೇಟ್ ನಡೆಯಲಿ ಎಂಬುದು ಇದರ ಉದ್ದೇಶ, ಕೆಟ್ಟ ಉದ್ದೇಶವಲ್ಲ. ಆದರೆ ಅಷ್ಟು ಅಧಿಕಾರವಿರುವ ಸರ್ವಿಸಿನಲ್ಲಿ ಒಂದು ಬಿರುಕು ಬಿಟ್ಟರೆ ಇಡೀ ಯಂತ್ರವೇ ಹೋಯಿತು.

ಬಿರುಕು ಬಿಟ್ಟಿದ್ದೂ ಉಂಟು. 2019ರ ಆಗಸ್ಟಿನಲ್ಲಿ ಸ್ಟೀಮ್ ಕ್ಲೈಂಟ್ ಸರ್ವಿಸಿನಲ್ಲಿ, ಸಾಮಾನ್ಯ ಬಳಕೆದಾರನೂ ಸಿಸ್ಟಂ ಅಧಿಕಾರ ಪಡೆಯಬಹುದಾದ ದೋಷ ಬಹಿರಂಗವಾಯಿತು. ಕಂಡುಹಿಡಿದ ಸಂಶೋಧಕನ ವರದಿಯನ್ನು ಮೊದಲು ಪಕ್ಕಕ್ಕೆ ತಳ್ಳಿದ ಸಂಸ್ಥೆ ನಂತರ ತಪ್ಪು ಒಪ್ಪಿಕೊಂಡು ಸರಿಪಡಿಸಿತು. ಗಾಗ್ ಗ್ಯಾಲಕ್ಸಿಯ ಸರ್ವಿಸಿನಲ್ಲೂ ಇದೇ ಬಗೆಯ ದೋಷ ದಾಖಲಾಗಿದೆ, ಅದರ ಗುರುತಿನ ಸಂಖ್ಯೆ ಸಿವಿಇ 2020-24574. ಇದಕ್ಕೂ ಹಿಂದೆ 2012ರ ಜುಲೈನಲ್ಲಿ, ಯೂಬಿಸಾಫ್ಟ್ ಆಟಗಳ ಜೊತೆ ಬರುತ್ತಿದ್ದ ಯೂಪ್ಲೇ ಎಂಬ ಕ್ಲೈಂಟ್, ಬ್ರೌಸರಿಗೆ ಅಂಟಿಕೊಳ್ಳುವ ಪ್ಲಗಿನ್ ಎಂಬ ಚಿಕ್ಕ ತಂತ್ರಾಂಶವನ್ನೂ ಹಾಕುತ್ತಿತ್ತು, ಯಾವುದೋ ಒಂದು ವೆಬ್ ಪುಟ ಅದರ ಮೂಲಕ ನಿಮ್ಮ ಯಂತ್ರದಲ್ಲಿರುವ ಯಾವ ಪ್ರೋಗ್ರಾಂ ಬೇಕಾದರೂ ತೆರೆಯಬಹುದಿತ್ತು ಎಂಬುದು ಬೆಳಕಿಗೆ ಬಂದಿತು. ತೇಪೆ ಬೇಗ ಬಂತು ನಿಜ. ಆದರೆ ಆಟ ಮಾತ್ರ ಬೇಕೆಂದು ಕೊಂಡವನ ಬ್ರೌಸರಿಗೆ ಆ ಪ್ಲಗಿನ್ ಏಕೆ ಬೇಕಿತ್ತು?

ಕ್ಲೈಂಟನ್ನು ಇನ್‌ಸ್ಟಾಲರಿನೊಳಗೆ ಹುದುಗಿಸುವುದರಿಂದ ಇಂಥ ದೋಷಗಳು ಇನ್ನೊಂದು ರೀತಿಯಲ್ಲಿ ಬೆಳೆಯುತ್ತವೆ. ಇದರ ಚರ್ಚೆ ಬಹಳ ಕಡಿಮೆ ಎಂಬುದು ನನ್ನ ಕಳವಳ. ಕ್ಲೈಂಟ್ ವಾರ ವಾರ ಬದಲಾಗುವ ವಸ್ತು, ಇನ್‌ಸ್ಟಾಲರ್ ಕಾಪಿಡುವ ವಸ್ತು. ಉಪ್ಪಿನಕಾಯಿ ಜಾಡಿಯೊಳಗೆ ಹಸಿ ಸೊಪ್ಪು ಹಾಕಿ ಮುಚ್ಚಳ ಬಿಗಿದ ಹಾಗೆ. ಇಂದು ಇಳಿಸಿದ ಇನ್‌ಸ್ಟಾಲರಿನೊಳಗಿನ ಕ್ಲೈಂಟ್ ಇಂದಿನ ಆವೃತ್ತಿಯಲ್ಲೇ ನಿಂತುಬಿಡುತ್ತದೆ. ನಾಲ್ಕು ವರ್ಷ ಕಳೆದು ಹಾರ್ಡ್ ಡಿಸ್ಕಿನಿಂದ ತೆಗೆದು ಓಡಿಸಿದರೆ, ಈ ನಡುವೆ ಬಯಲಾಗಿ ಸರಿಪಡಿಸಿದ ದೋಷಗಳನ್ನೆಲ್ಲ ಹೊತ್ತ ಹಳೇ ಕ್ಲೈಂಟೇ ಮತ್ತೆ ಯಂತ್ರಕ್ಕೆ ಇಳಿಯುತ್ತದೆ. ನೆಟ್ ಇದ್ದರೆ ಅದು ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಬಹುದು, ಹಾಗಿದ್ದರೆ ಒಳಗೆ ಹುದುಗಿಸಿದ್ದೇ ವ್ಯರ್ಥ. ನೆಟ್ ಇಲ್ಲದಿದ್ದರೆ ಅಂಗಡಿಗೆ ಬಾಗಿಲಾಗಿರುವ ಕ್ಲೈಂಟಿನಿಂದ ಉಪಯೋಗವೂ ಇಲ್ಲ, ಉಳಿಯುವುದು ಬಿರುಕು ಬಿಟ್ಟ ಸರ್ವಿಸ್ ಮಾತ್ರ. ಹೇಗೆ ಲೆಕ್ಕ ಹಾಕಿದರೂ ಹುದುಗಿಸಿದ್ದರಿಂದ ಗ್ರಾಹಕನಿಗೆ ಗಿಟ್ಟುವುದು ಏನೂ ಇಲ್ಲ.

ಗಾತ್ರದ ವಿಷಯವನ್ನೂ ಹೇಳಬೇಕು. ಕ್ಲೈಂಟಿಗೆ 200 ಎಂಬಿ ಎಂದಿಟ್ಟುಕೊಳ್ಳಿ. ನೂರು ಆಟಗಳ ಇನ್‌ಸ್ಟಾಲರ್ ಕಾಪಿಟ್ಟವನ ಡಿಸ್ಕಿನಲ್ಲಿ ಒಂದೇ ತಂತ್ರಾಂಶದ ನೂರು ಪ್ರತಿ, ಅಂದರೆ 20 ಜಿಬಿ. ಎರಡು ಎಂಬಿಯ ಹಳೆಯ ಡಾಸ್ ಆಟಕ್ಕೂ ಅದೇ ಹೊರೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಹಾಟ್‌ಸ್ಪಾಟ್ ಹಾಕಿ ಇಳಿಸಿಕೊಳ್ಳುವ ನಮ್ಮ ಹಳ್ಳಿಗಾಡಿನ ಹುಡುಗರಿಗೆ ಇದು ಸಣ್ಣ ಮಾತಲ್ಲ.

ಕ್ಲೈಂಟನ್ನು ಒಳಗೇ ಇಡುವವರ ವಾದವೂ ಇದೆ. ಹೊಸಬರಿಗೆ ಎಲ್ಲವೂ ಒಂದೇ ಕಡೆ ಸಿಗಲಿ, ಎರಡೆರಡು ಫೈಲು ಇಳಿಸುವ ಗೊಂದಲ ಬೇಡ ಎನ್ನುತ್ತಾರೆ. ಕೆಲವು ಆಟಗಳನ್ನು ಆನ್‌ಲೈನಿನಲ್ಲಿ ಇತರರೊಡನೆ ಆಡಲು ಗ್ಯಾಲಕ್ಸಿ ಬೇಕೇ ಬೇಕು ಎಂಬುದೂ ಸತ್ಯ. ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ: ಜಾಲತಾಣದಲ್ಲಿ ಎರಡು ಗುಂಡಿ ಅಕ್ಕಪಕ್ಕದಲ್ಲಿ, ಒಂದೇ ಗಾತ್ರದಲ್ಲಿ ಇಡಿ. ‘ಕ್ಲೈಂಟ್ ಮೂಲಕ ಹಾಕಿಕೊಳ್ಳಿ’, ‘ಇನ್‌ಸ್ಟಾಲರ್ ಇಳಿಸಿಕೊಳ್ಳಿ’. ಮೊದಲನೆಯದನ್ನು ಒತ್ತಿದವನಿಗೆ ಅಂದಿನ ಹೊಸ ಕ್ಲೈಂಟ್ ಸಿಗುತ್ತದೆ, ಎರಡನೆಯದನ್ನು ಒತ್ತಿದವನಿಗೆ ಆಟ ಮಾತ್ರ. ಹೊಸಬರು, ಹಳಬರು ಇಬ್ಬರಿಗೂ ಆಯಿತು.

ಕೇಳದೆ ತುರುಕಿದವರು ಕೈ ಸುಟ್ಟುಕೊಂಡ ಇತಿಹಾಸ ಆಟಗಳ ಲೋಕದಾಚೆಗೂ ದೊಡ್ಡದಿದೆ. 2008ರಲ್ಲಿ ಆಪಲ್ ಸಂಸ್ಥೆ ವಿಂಡೋಸ್ ಬಳಸುವವರ ಐಟ್ಯೂನ್ಸ್ ಅಪ್‌ಡೇಟ್ ಪರದೆಯಲ್ಲಿ ಸಫಾರಿ ಬ್ರೌಸರಿಗೂ ಗುರುತು ಹಾಕಿಟ್ಟಿತ್ತು. ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಅಂದಿನ ಮುಖ್ಯಸ್ಥ ಜಾನ್ ಲಿಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿದರು. ಅವರ ವಾದದ ತಿರುಳು ಇಂದಿಗೂ ಸಲ್ಲುತ್ತದೆ: ಸುರಕ್ಷತೆಗಾಗಿ ಅಪ್‌ಡೇಟ್ ಹಾಕಿಕೊಳ್ಳಿ ಎಂದು ವರ್ಷಗಟ್ಟಲೆ ಜನರಿಗೆ ಕಲಿಸಿದ್ದೇವೆ, ಆ ಅಭ್ಯಾಸವನ್ನೇ ಮಾರಾಟಕ್ಕೆ ಬಳಸಿಕೊಂಡರೆ ಜನ ಅಪ್‌ಡೇಟನ್ನೇ ಅನುಮಾನಿಸುತ್ತಾರೆ. ಆಪಲ್ ಮುಂದೆ ಅಪ್‌ಡೇಟ್ ಬೇರೆ, ಹೊಸ ತಂತ್ರಾಂಶ ಬೇರೆ ಎಂದು ಪರದೆಯನ್ನು ವಿಂಗಡಿಸಿತು. ಸೋರ್ಸ್‌ಫೋರ್ಜ್ ಕಥೆ ಇನ್ನೂ ದಾರುಣ. ಒಂದು ಕಾಲಕ್ಕೆ ಮುಕ್ತ ತಂತ್ರಾಂಶಗಳ ದೊಡ್ಡ ಉಗ್ರಾಣವಾಗಿದ್ದ ಅದು ಇನ್‌ಸ್ಟಾಲರುಗಳ ಜೊತೆ ಬೇರೆಯವರ ತಂತ್ರಾಂಶ ಕಟ್ಟತೊಡಗಿತು. ಚಿತ್ರ ತಿದ್ದುವ ಗಿಂಪ್ ತಂಡ 2013ರಲ್ಲಿ ಅಲ್ಲಿಂದ ಎದ್ದು ಹೋಯಿತು, 2015ರಲ್ಲಿ ಗಿಂಪ್ ಹೆಸರಿನಲ್ಲೇ ಬಾಲಂಗೋಚಿ ಕಟ್ಟಿದ ಇನ್‌ಸ್ಟಾಲರ್ ಅಲ್ಲಿ ಕಂಡಾಗ ದೊಡ್ಡ ಗಲಾಟೆಯಾಯಿತು. 2016ರಲ್ಲಿ ಬಂದ ಹೊಸ ಮಾಲೀಕರು ಆ ಪದ್ಧತಿಯನ್ನೇ ನಿಲ್ಲಿಸಿದರು. ಅಷ್ಟರಲ್ಲಿ ಎಷ್ಟೋ ತಂಡಗಳು ಬೇರೆ ಮನೆ ಹುಡುಕಿಕೊಂಡಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವುದು ಇಂಥದ್ದನ್ನು ಕಂಡೇ.

ಗಾಗ್ ತನ್ನದೇ ಕ್ಲೈಂಟನ್ನು ಹಾಕಿತ್ತು, ಸೋರ್ಸ್‌ಫೋರ್ಜ್ ಹಾಗೆ ಯಾರದೋ ತಂತ್ರಾಂಶವನ್ನಲ್ಲ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ‘ಬೀಗವಿಲ್ಲ, ಬಲವಂತವಿಲ್ಲ’ ಎಂಬ ಮಾತನ್ನೇ ಸರಕಾಗಿ ಮಾರಿದ ಅಂಗಡಿಗೆ ಗ್ರಾಹಕರು ಬೇರೆಯವರಿಗಿಂತ ಬಿಗಿಯಾದ ಅಳತೆ ಹಿಡಿಯುವುದು ಸಹಜ, ಹಿಡಿಯಲೂ ಬೇಕು.

ಕಾನೂನು ಏನು ಹೇಳುತ್ತದೆ? ಯುರೋಪಿಯನ್ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ, ಮೊದಲೇ ಗುರುತು ಹಾಕಿದ ಚೌಕ ಒಪ್ಪಿಗೆಯಾಗುವುದಿಲ್ಲ ಎಂದು ತೀರ್ಪು ಕೊಟ್ಟಿದೆ. ಅದು ಜಾಲತಾಣಗಳು ನಮ್ಮ ಬ್ರೌಸರಿನಲ್ಲಿ ಇಡುವ ಕುಕಿ ಎಂಬ ಗುರುತಿನ ತುಣುಕುಗಳಿಗೆ ಸಂಬಂಧಿಸಿದ ತೀರ್ಪು, ಇನ್‌ಸ್ಟಾಲರಿಗೆ ನೇರವಾಗಿ ಅನ್ವಯಿಸದು, ಆದರೂ ಚೌಕದ ಸ್ವಭಾವವನ್ನು ಅದು ಸರಿಯಾಗಿ ಗುರುತಿಸಿದೆ. ನಮ್ಮಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆ ಮಾರ್ಗಸೂಚಿ ಹೊರಡಿಸಿ, 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿದೆ. ಬುಟ್ಟಿಗೆ ಗೊತ್ತಾಗದಂತೆ ಸರಕು ಸೇರಿಸುವುದು ಅದರಲ್ಲಿ ಒಂದು, ಆದರೆ ಅದು ಬಿಲ್ಲು ಹೆಚ್ಚಾದಾಗ ಮಾತ್ರ. ಉಚಿತ ಕ್ಲೈಂಟಿಗೆ ಹೊಂದುವುದು ಇನ್ನೊಂದು: ಒಂದು ಆಯ್ಕೆಯನ್ನು ಎದ್ದು ಕಾಣಿಸಿ ಇನ್ನೊಂದನ್ನು ಮಸುಕುಮಾಡಿ ಗ್ರಾಹಕನನ್ನು ದಾರಿ ತಪ್ಪಿಸುವ ವಿನ್ಯಾಸ. ಪರದೆಯ ನಡುವೆ ಅಂಗೈಯಗಲದ ‘ಇನ್‌ಸ್ಟಾಲ್’ ಗುಂಡಿ, ಅದರ ಕೆಳಗೆ ಬೂದು ಹಿನ್ನೆಲೆಯಲ್ಲಿ ಬೂದು ಅಕ್ಷರದ ಗುರುತು ಹಾಕಿದ ಚೌಕ ಇಟ್ಟರೆ ಅದು ಇದೇ ಗುಂಪಿಗೆ ಸೇರಬೇಕು ಎಂಬುದು ನನ್ನ ಅಭಿಪ್ರಾಯ.

ಓದುಗರು ಈಗಲೇ ಮಾಡಬಹುದಾದದ್ದನ್ನೂ ಹೇಳಿಬಿಡುತ್ತೇನೆ. ಆಟ ಇಳಿಸುವ ಪುಟದಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಎಲ್ಲಿದೆ ನೋಡಿ, ಸಾಮಾನ್ಯವಾಗಿ ಅದು ಕ್ಲೈಂಟ್ ಗುಂಡಿಯ ಕೆಳಗಿರುತ್ತದೆ. ದೊಡ್ಡ ಆಟಗಳಿಗೆ ಒಂದು ಇಎಕ್ಸ್‌ಇ ಫೈಲು, ಅದರ ಜೊತೆ 4 ಜಿಬಿ ಮೀರದ ಹಲವು ಬಿನ್ ತುಣುಕುಗಳು ಬರುತ್ತವೆ. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇಡಿ. ಒಂದು ತುಣುಕು ತಪ್ಪಿದರೂ ಇನ್‌ಸ್ಟಾಲರ್ ಅರ್ಧದಲ್ಲಿ ನಿಂತು ಮುಂದಿನ ಫೈಲು ಎಲ್ಲಿ ಎಂದು ಕೇಳುತ್ತದೆ. ಓಡಿಸುವ ಮೊದಲು ಇಎಕ್ಸ್‌ಇ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ತೆರೆದು, ಮಾರಿದ ಸಂಸ್ಥೆಯದೇ ಸಹಿ ಇದೆಯೇ ನೋಡಿ. ಇನ್‌ಸ್ಟಾಲರಿನಲ್ಲಿ ‘ಆಪ್ಷನ್ಸ್’ ಅಥವಾ ‘ಕಸ್ಟಮ್’ ಎಂದಿದ್ದರೆ ತಪ್ಪದೆ ತೆರೆಯಿರಿ, ಗುರುತುಗಳು ಅಡಗಿ ಕೂರುವುದು ಅಲ್ಲೇ. ಹಾಕಿದ ಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಆಟದ ಪಕ್ಕದಲ್ಲಿ ಇನ್ನೇನು ಬಂದಿದೆ ಎಂಬುದು ಕಾಣುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಹಾಗೂ ಸರ್ವಿಸಸ್ ವಿಭಾಗಗಳನ್ನೂ ನೋಡಿ. ಆಟವನ್ನು ತೆಗೆದರೆ ಕ್ಲೈಂಟ್ ಹೋಗುವುದಿಲ್ಲ, ಅದನ್ನು ಪ್ರತ್ಯೇಕವಾಗಿಯೇ ಅನ್‌ಇನ್‌ಸ್ಟಾಲ್ ಮಾಡಬೇಕು. ಸ್ವಲ್ಪ ತಿಳಿದವರು ಇನ್ನೋಎಕ್ಸ್‌ಟ್ರಾಕ್ಟ್ ಎಂಬ ಉಚಿತ ಸಾಧನದಿಂದ ಇನ್ನೋ ಸೆಟಪ್ ಇನ್‌ಸ್ಟಾಲರನ್ನು ಓಡಿಸದೆಯೇ ಬಿಚ್ಚಿ, ಒಳಗಿನ ಫೈಲುಗಳ ಪಟ್ಟಿ ನೋಡಬಹುದು.

ಇನ್ನು ಕಟ್ಟುವವರಿಗೆ. ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ನಮ್ಮ ಹುಡುಗ ಹುಡುಗಿಯರು ಜಗತ್ತಿನ ಆಟಗಳಿಗೆ ಕೆಲಸ ಮಾಡುತ್ತಾ ಬಂದಿದ್ದಾರೆ. ಸ್ವಂತ ಆಟ ಕಟ್ಟಿ ಮಾರುವ ಸಣ್ಣ ತಂಡಗಳೂ ಇವೆ. ಅವರಲ್ಲಿ ನನ್ನ ವಿನಂತಿ: ಕ್ಲೈಂಟೋ, ಆಟ ತೆರೆಯುವ ಲಾಂಚರೋ ಕೊಡಲೇಬೇಕಿದ್ದರೆ ಬೇರೆ ಫೈಲಾಗಿ ಕೊಡಿ. ಒಂದೇ ಇನ್‌ಸ್ಟಾಲರಿನಲ್ಲಿ ಇಡಲೇಬೇಕಾದ ಒತ್ತಡ ಬಂದರೆ ಆ ಸಾಲಿಗೆ ‘ಅನ್‌ಚೆಕ್ಡ್’ ಸೇರಿಸಿ, ಹಳೆಯ ಪ್ರತಿಯನ್ನು ಹುದುಗಿಸದೆ ಗುರುತು ಹಾಕಿದವರಿಗೆ ಮಾತ್ರ ಹೊಸದನ್ನು ನೆಟ್‌ನಿಂದ ತರಿಸಿ, ಕ್ಲೈಂಟ್ ಮೊದಲೇ ಇದ್ದರೆ ಮುಟ್ಟಬೇಡಿ. ಚೌಕದ ಪಕ್ಕದ ಮಾತು ಕನ್ನಡದಲ್ಲೂ ಇರಲಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ದತ್ತಾಂಶ ಬಳಸಲು ಒಪ್ಪಿಗೆ ಕೇಳುವವರು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಆ ಕೋರಿಕೆ ಸಿಗುವಂತೆ ಮಾಡಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ಖಾತೆ ತೆರೆಸಿ ಹೆಸರು, ಇಮೇಲ್ ಪಡೆಯುವ ಕ್ಲೈಂಟಿಗೂ ಅದೇ ಮರ್ಯಾದೆ ಇರಲಿ. ಇನ್ನೋ ಸೆಟಪ್ ಆರನೇ ಆವೃತ್ತಿಯಿಂದ ಎಲ್ಲ ಲಿಪಿಗಳ ಅಕ್ಷರ ಬಲ್ಲ ಯೂನಿಕೋಡ್ ವ್ಯವಸ್ಥೆಗೆ ಪೂರ್ತಿ ಬದಲಾಗಿರುವುದರಿಂದ ಕನ್ನಡ ಅಕ್ಷರ ಮೂಡಿಸುವುದಕ್ಕೆ ಅಡ್ಡಿಯಿಲ್ಲ. ಚೌಕದ ಎದುರು ಇಷ್ಟು ಬರೆದರೆ ಸಾಕು: ‘ಈ ಆಟ ಆಡಲು ಕ್ಲೈಂಟ್ ಬೇಕಿಲ್ಲ. ಅಪ್‌ಡೇಟ್ ತಾನಾಗಿ ಬರಬೇಕೆಂದರೆ ಗುರುತು ಹಾಕಿ. ಹಾಕಿದರೆ ಕಂಪ್ಯೂಟರ್ ಹೊತ್ತಿಸಿದಾಗಲೆಲ್ಲ ಅದೂ ಏಳುತ್ತದೆ.’

ಇತಿ,
ಇನ್‌ಸ್ಟಾಲರ್ ಕಟ್ಟುವ ಕೆಲಸದಲ್ಲಿರುವ ಓದುಗ,
ಮೈಸೂರು